ಎರಡು ಬೆರಳು ಹೆಚ್ಚು ದಪ್ಪ

ನನ್ನ ಗಂಡ ಎಲಿಯೇಸರನಿಗೆ ಬಾಯಮೋನ್ ಊರಿನಲ್ಲಿ ಗ್ಯಾರೇಜಿದೆ, ಹೊಟ್ಟೆಯೂ ಇದೆ. ಎರಡೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿವೆ. ಗ್ಯಾರೇಜು ಬೆಳೆದದ್ದು ನನ್ನ ತಂಗಿ ನೆರೇಯ್ದಾಳಿಂದ, ಹೊಟ್ಟೆ ನನ್ನಿಂದ.

ನಮ್ಮ ದ್ವೀಪದಲ್ಲಿ ಪಿಸ್ಟನ್ ಇಂಜಿನ್ನಿನವರನ್ನು ಮನೆಗೆ ಕರೆದು ಕಾಫಿ ಕೊಡುತ್ತೇವೆ, ಹೆಣ್ಣು ಮಾತ್ರ ಕೊಡುವುದಿಲ್ಲ. ನಮ್ಮದೇನಿದ್ದರೂ ರೋಟರಿ: ಪಿಸ್ಟನ್ನಿನ ಬದಲು ತ್ರಿಕೋನದಂಥ ರೋಟರ್ ಗಿರಗಿರ ತಿರುಗುವ ಇಂಜಿನ್. ಎರಡು ರೋಟರಿನದು ಎಲ್ಲರ ಹತ್ತಿರವೂ ಇದೆಯೆಂದು ಎಲಿಯೇಸರನಿಗೆ ನಾಲ್ಕರದ್ದು ಬೇಕಾಯಿತು. ಕಟ್ಟಿದ್ದು ನೆರೇಯ್ದಾ, ಓಡಿಸುವುದು ಮಾತ್ರ ಅವನೇ. ಸಾಲಿನಾಸಿನಲ್ಲಿ ಎರಡೆರಡು ಕಾರು ನೇರ ಓಡುವ ರೇಸಿನಲ್ಲಿ ತಾನು ಕಟ್ಟಿದ ಇಂಜಿನ್ನನ್ನು ಒಮ್ಮೆಯಾದರೂ ತಾನೇ ಓಡಿಸಬೇಕೆಂದು ಅವಳಿಗೆ ಆಸೆ. ಎಷ್ಟು ಸಲ ಕೇಳಿದರೂ ಒಂದೇ ಉತ್ತರ.

"ಇಂಜಿನ್ ನಿಂದು, ಸೀಟು ನಂದು. ಮುಗೀತು."

ಅವಳ ಸಪ್ಪೆ ಮುಖ ನೋಡಿದಾಗಲೆಲ್ಲ ನನಗೆ ಅಯ್ಯೋ ಎನಿಸುತ್ತಿತ್ತು.

ಮೊದಲ ಇಂಜಿನ್ ಎರಡೇ ಓಟಕ್ಕೆ ಕೈಕೊಟ್ಟಿತು. ರೋಟರುಗಳನ್ನು ಪೋಣಿಸಿದ ಉದ್ದನೆಯ ಶಾಫ್ಟಿಗೆ ಎರಡು ತುದಿಯಲ್ಲಷ್ಟೇ ಆಧಾರವಿತ್ತು. ವೇಗ ಹೆಚ್ಚಿದಾಗ ಅದು ನಡುವೆ ಬಾಗಿ, ರೋಟರುಗಳು ಗೋಡೆಗೆ ಉಜ್ಜಿದ್ದವು.

"ನಡುವೆ ಬೇರಿಂಗ್ ಕೂರಿಸ್ಬೇಕು ಭಾವ. ಶಾಫ್ಟನ್ನ ತುಂಡು ಮಾಡಿ ಜೋಡಿಸ್ತೀನಿ. ರೋಟರ್ ಮಧ್ಯದ ಗೋಡೆಗಳೆಲ್ಲ ದಪ್ಪ ಆಗ್ಬೇಕು," ಎಂದಳು ನೆರೇಯ್ದಾ.

"ಎಷ್ಟು ಬೇಕೋ ಅಷ್ಟು ಮಾಡು. ನನ್ನೇನು ಕೇಳ್ತೀಯ?"

ಅವಳಿಗೆ ಅಷ್ಟು ಸಾಕಾಯಿತು. ಸಂಜೆ ನನ್ನ ಅಡುಗೆಮನೆಗೆ ಬಂದಳು.

"ಅಕ್ಕಾ, ಭಾವನ ಹೊಟ್ಟೆ ಎಷ್ಟು ಮುಂದಕ್ಕೆ ಬಂದಿದೆ, ಅಳತೆ ತೆಗೆದು ಕೊಡ್ತೀಯಾ?"

"ಯಾಕೇ?"

"ಇಂಜಿನ್ನಿಗೆ."

ನನಗೆ ಅರ್ಥವಾಯಿತು. ರೇಸಿನ ಅಂಗಿ ಸಡಿಲ ಮಾಡುವ ನೆಪ ಹೇಳಿ ಟೇಪು ಹಿಡಿದೆ. ಅಂದಿನಿಂದ ಹಂದಿಮಾಂಸವನ್ನೂ ಹುರಿದ ಬಾಳೆಕಾಯಿಯನ್ನೂ ಎರಡೆರಡು ಸಲ ಬಡಿಸಿದೆ. ಏನಿದು ಇಷ್ಟೊಂದು ಪ್ರೀತಿ ಎಂದು ಅವನು ಕರಗಿಹೋದ.

ನೆರೇಯ್ದಾ ಒಂದೊಂದು ಗೋಡೆಯನ್ನೂ ಬೇಕಾದದ್ದಕ್ಕಿಂತ ಎರಡು ಬೆರಳು ಹೆಚ್ಚು ದಪ್ಪ ಮಾಡಿದಳು. ಮೂರು ಗೋಡೆಗೆ ಆರು ಬೆರಳಾಯಿತು. ಟಿಫಿನ್ ಕ್ಯಾರಿಯರಿನಂತೆ ಎಲ್ಲವನ್ನೂ ಪೇರಿಸಿದಾಗ ಇಂಜಿನ್ ಅವಳ ಸೊಂಟ ದಾಟಿತ್ತು. ಅದನ್ನು ಪುಟ್ಟ ಕಾರಿನೊಳಗೆ ಮಲಗಿಸಲು ಸ್ಟೀರಿಂಗ್ ಹಿಂದಕ್ಕೆ ಸರಿಯಿತು. ಸೀಟಿನ ಹಿಂದೆ ಬೆಸುಗೆ ಹಾಕಿದ ಕಂಬಿಗಳು, ಸೀಟು ಇನ್ನೆಲ್ಲಿಗೆ ಸರಿದೀತು? ರೇಸಿಗೆ ಮೊದಲು ಸೀಟಿನಲ್ಲಿ ಕೂತರೆ ಸೋಲು ಖಚಿತ ಎಂಬುದು ನನ್ನ ಗಂಡನ ಹಳೆಯ ನಂಬಿಕೆ. ಹಾಗಾಗಿ ಅವನು ಕೂತು ನೋಡಲೇ ಇಲ್ಲ.

ಭಾನುವಾರ ಸಾಲಿನಾಸಿನಲ್ಲಿ ಅರ್ಧ ಊರು ನೋಡುತ್ತಿರುವಾಗ ಕಾಲು ತೂರಿಸಿದ, ತೊಡೆ ತೂರಿಸಿದ. ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು.

"ಉಸಿರು ಬಿಡು ಭಾವ."

"ಬಿಟ್ಟೆ!"

"ಇನ್ನೊಂಚೂರು."

"ಇನ್ನು ಬಿಟ್ರೆ ಪ್ರಾಣಾನೇ ಹೋಗೋದು ಕಣೇ!"

ನಾಲ್ವರು ಸೇರಿ ಎಳೆದು ಹೊರತೆಗೆದರು. ಎದುರಾಳಿ ಪಿಸ್ಟನ್ ಗುಂಪಿನವರು ಚಪ್ಪಾಳೆ ತಟ್ಟಿದರು. ಅವನಿಗೆ ಅದನ್ನೇ ಸಹಿಸಲಾಗಲಿಲ್ಲ. ಹೆಲ್ಮೆಟ್ಟನ್ನು ಗುಬ್ಬಿಯಂಥ ನೆರೇಯ್ದಾಳ ಕೈಗೆ ತುರುಕಿದ.

"ಹೋಗು. ಆದ್ರೆ ಸೋತ್ರೆ, ಇನ್ಮೇಲೆ ಇಂಜಿನ್ನೂ ನಿಂದಲ್ಲ."

ಆಗ ನನಗೆ ಭಯವಾಯಿತು. ಇಂಜಿನ್ ಉದ್ದವಾದಷ್ಟೂ ಶಾಫ್ಟೂ ಉದ್ದ. ನಮ್ಮ ಕಿಡಿಗೇಡಿತನಕ್ಕೆ ಅದು ಮುರಿದರೆ? ನನ್ನ ತಂಗಿ ಅದರ ಬೆನ್ನಿಗೇ ಕೂತಿದ್ದಾಳೆ. ಹಸಿರು ದೀಪ ಹತ್ತಿತು. ಕಾರು ಕಿವಿ ಹರಿಯುವಂತೆ ಕಿರುಚಿತು, ನಾನು ಕಣ್ಣುಮುಚ್ಚಿದೆ. ತೆರೆದಾಗ ನೆರೇಯ್ದಾ ಗೆರೆ ದಾಟಿಯಾಗಿತ್ತು, ಪಿಸ್ಟನ್ ಕಾರು ಇನ್ನೂ ಬರುತ್ತಿತ್ತು.

ಎಲಿಯೇಸರ್ ಕುಣಿದ. ಕಾರು ವಾಪಸ್ಸು ಬಂದಾಗ ಬಾನೆಟ್ ತೆಗೆದು, ಬಿಸಿಗೆ ಮುಖ ಕಿವುಚಿಕೊಂಡು, ಗೋಡೆಯ ದಪ್ಪವನ್ನು ಬೆರಳಲ್ಲಿ ಅಂದಾಜು ಮಾಡಿದ. ನನ್ನ ಕಡೆ ತಿರುಗಿದ. ನಾನು ಆಕಾಶ ನೋಡಿದೆ.

"ನೆರೇಯ್ದಾ, ಬೇರಿಂಗಿಗೆ ಇಷ್ಟು ದಪ್ಪ ಬೇಕಿತ್ತಾ?"

"ಇಲ್ಲ ಭಾವ," ಎಂದಳು ಅವಳು, ಹೆಲ್ಮೆಟ್ ತೆಗೆಯುತ್ತ.

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವನ ತಮ್ಮ, ಕಡ್ಡಿಯಂಥ ಜೋಯೆಲ್, ಮುಂದಿನ ರೇಸು ನಂದು ಎನ್ನುತ್ತ ಕೈಗವಸು ಏರಿಸಿಕೊಂಡು ಬಂದ. ಎಲಿಯೇಸರ್ ಅವನನ್ನು ಮೇಲಿಂದ ಕೆಳಗೆ ನೋಡಿ ನನ್ನ ತಂಗಿಯ ಕಿವಿಯ ಹತ್ತಿರ ಬಗ್ಗಿದ.

"ಮುಂದಿನ ಇಂಜಿನ್ನಿಗೆ ಇನ್ನೂ ಒಂದೊಂದು ಬೆರಳು ಸೇರ್ಸು. ಇವನೂ ಸೀಟಲ್ಲಿ ಹಿಡಿಸ್ಬಾರ್ದು."