ನೋಡಿ ನೋಡಿ ಕಲ್ತೇನ್ರಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ರಾಯಬಾಗ ಕಡೆ ರಸ್ತೆಯಲ್ಲಿ ನಡೆಯುವುದೇ ಕಷ್ಟ. ಮುಂದೆ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ನಮ್ಮ ಕಡೆ ಅವಕ್ಕೆ ಡಬ್ಬಿ ಅನ್ನುತ್ತೇವೆ, ಡಬ್ಬಿಗಳ ಮೇಲೆ ಮನೆಯೆತ್ತರ ಕಬ್ಬು. ಕಿವಿ ಹರಿಯುವಂತೆ ಹಾಡು. ಎದುರಿಗೆ ಬಂದವರು ರಸ್ತೆ ಬಿಟ್ಟು ಕೆಳಗಿಳಿಯಬೇಕು. ಸ್ಟೇರಿಂಗ್ ಹಿಡಿದವನ ಮುಖ ನೋಡಿದರೆ ಮೀಸೆ ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ನಾವು ನಾಲ್ಕು ಮಾತು ಬೈಯುತ್ತೇವೆ, ಧೂಳು ಕೊಡವಿಕೊಂಡು ಮನೆಗೆ ಹೋಗುತ್ತೇವೆ.

ಅಲಖನೂರಿನ ಶೇವಂತಾಳ ಮಗಳು ನೀಲಮ ಮನೆಗೆ ಬರಲಿಲ್ಲ.

ಶೇವಂತಾ ಕೂಲಿ ಮಾಡುವ ಹೆಣ್ಣುಮಗಳು. ಕಂಡವರ ಹೊಲದಲ್ಲಿ ಕಳೆ ತೆಗೆದು ಮಗಳನ್ನು ನರ್ಸ್ ಓದಿಸಿದ್ದಳು. ನೀಲಮ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ಸಂಜೆ, ಇನ್ನೂ ಬಿಸಿಲಿತ್ತು, ಸ್ಕೂಟಿ ಮೇಲೆ ಊರಿಗೆ ಬರುತ್ತಿದ್ದಳು. ಕಾಲುವೆ ಸೇತುವೆಯ ಇಳಿಜಾರಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಎದುರಾಯಿತು. ಹೊಡೆಯುತ್ತಿದ್ದವನು ಪಕ್ಕದ ಊರಿನ ದಾದಾಸಾಹೇಬರ ಮಗ ಸಂಗ್ರಾಮ. ವಯಸ್ಸು ಹತ್ತೊಂಬತ್ತು. ಲೈಸನ್ಸ್ ಕೈಗೆ ಬಂದು ಐದು ವಾರ. ಸ್ಕೂಟಿ ಕಂಡವನೇ ಗಾಬರಿಯಾಗಿ ಬ್ರೇಕ್ ಒತ್ತಿದ. ಟ್ರ್ಯಾಕ್ಟರು ನಿಂತಿತು. ಹಿಂದಿನ ಹೊರೆ ನಿಲ್ಲಲಿಲ್ಲ. ಮೊದಲನೆಯ ಡಬ್ಬಿ ಅಡ್ಡ ತಿರುಗಿ ನೀಲಮಳನ್ನು ಸೇತುವೆಯ ಕಟ್ಟೆಗೆ ಒತ್ತಿತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಅವಳು ಉಳಿಯಲಿಲ್ಲ.

ಕೇಸು ವರ್ಷದ ಮೇಲೆ ನಡೆಯಿತು. ತೀರ್ಪಿನ ದಿನ ಶೇವಂತಾಳ ಜೊತೆಗೆ ದುಂಡವ್ವ ಹೋಗಿದ್ದಳು. ಇಬ್ಬರೂ ಒಂದೇ ಸ್ವಸಹಾಯ ಸಂಘದವರು. ಶೇವಂತಾ ಕೂಲಿಗೆ ಹೋಗುವುದೂ ದುಂಡವ್ವನ ಹೊಲಕ್ಕೇ.

ನ್ಯಾಯಾಧೀಶರು ಸಂಗ್ರಾಮನನ್ನು ತಪ್ಪಿತಸ್ಥ ಎಂದರು. ಶಿಕ್ಷೆ ಹೇಳುವ ಮುಂಚೆ ಅವನನ್ನು ಕೇಳಿದರು. "ಎರಡು ಡಬ್ಬಿ ಹೊರೆ ಎಳೆಯೋದನ್ನ ನಿನಗೆ ಯಾರು ಕಲಿಸಿದ್ರು?"

"ಯಾರೂ ಕಲಿಸಿಲ್ರಿ ಸಾಹೇಬ್ರ. ಅಪ್ಪಾ ಹೊಡೀತಿದ್ರು. ಬಾಜೂಕ ಕುಂತು ನೋಡಿ ನೋಡಿ ಕಲ್ತೇನ್ರಿ."

"ಇಳಿಜಾರಿನಲ್ಲಿ ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂದಿನ ಹೊರೆ ಏನು ಮಾಡುತ್ತೆ ಅಂತ ಗೊತ್ತಿತ್ತಾ?"

ಹುಡುಗ ತಲೆ ತಗ್ಗಿಸಿದ. "ಆವತ್ತ ಗೊತ್ತಾತ್ರಿ."

"ಅನುಭವ ಇರಲಿಲ್ಲ ಅನ್ನೋದು ಕ್ಷಮೆಗೆ ಕಾರಣ ಆಗೋದಿಲ್ಲ. ಅನುಭವ ಇಲ್ಲದೆ ಆ ಹೊರೆ ಎಳೆದದ್ದೇ ನಿನ್ನ ತಪ್ಪು" ಎಂದರು ನ್ಯಾಯಾಧೀಶರು. ಎರಡು ವರ್ಷ ಜೈಲು, ಮೇಲೆ ದಂಡ.

ಹೊರಗೆ ದಾದಾಸಾಹೇಬರು ಬಂದು ಶೇವಂತಾಳ ಕಾಲಿಗೆ ಬಿದ್ದರು. "ತಂಗಿ, ನನ್ನ ಮಗಾ ಕೆಟ್ಟಾವಲ್ಲವಾ."

ಶೇವಂತಾ ಹಿಂದೆ ಸರಿದಳು. "ಕೆಟ್ಟಾವಲ್ಲ ಅನ್ನೂದ ನನಗೂ ಇವತ್ತ ತಿಳೀತು. ನೀವ ಅವಗ ಕಲಿಸಲಿಲ್ಲ, ಕೀಲಿ ಅಷ್ಟ ಕೊಟ್ರಿ. ನನ್ನ ಮಗಳ ಮಣ್ಣಿಗಿ ಹೋದ್ಲು, ನಿಮ್ಮ ಮಗಾ ಜೇಲಿಗಿ ಹೋದ. ಎರಡೂ ಕೂಸು ಹಾಳಾದೂ. ಏಳ್ರಿ, ನನ್ನ ಕಾಲ ಹಿಡೀಬ್ಯಾಡ್ರಿ."

ಇಬ್ಬರೂ ಬಸ್ಸು ಹತ್ತಿದರು. ಊರು ಮುಟ್ಟಿದಾಗ ನಾಲ್ಕು ಗಂಟೆ. ದುಂಡವ್ವ ಚಹಾ ಕುಡಿದು ಹೋಗೆಂದು ಮನೆಗೆ ಕರೆತಂದಳು. ಮನೆ ಇರುವುದು ಹೊಲದಲ್ಲೇ. ಅಲ್ಲಿ ಕಬ್ಬು ಹೇರಿದ ಎರಡು ಡಬ್ಬಿ ನಿಂತಿದ್ದವು. ಮುಂದಿನ ಟ್ರ್ಯಾಕ್ಟರಿಗೆ ದುಂಡವ್ವನ ಮಗ ಬಾಳೇಶ ಸ್ಪೀಕರು ಕಟ್ಟುತ್ತಿದ್ದ. ಅವನಿಗೂ ಹತ್ತೊಂಬತ್ತೇ.

"ಇದೇನಿದು?" ಎಂದಳು ಶೇವಂತಾ.

ದುಂಡವ್ವನ ಗಂಡ ಭೀಮಸಿ ಟವೆಲಿನಿಂದ ಕೈ ಒರೆಸುತ್ತ ಬಂದ. "ಡ್ರೈವರ್ ಮೂರ ದಿನ ಊರಿಗಿ ಹೋಗ್ಯಾನವಾ. ನಾಳೆ ಮುಂಜಾನೆ ನಮ್ಮ ಬಾಳ್ಯಾನ ಫ್ಯಾಕ್ಟರಿಗಿ ಒಯ್ತಾನ. ಪಾಳಿ ತಪ್ಪಿದ್ರ ಕಬ್ಬ ಒಣಗತೈತಿ."

ಶೇವಂತಾಳಿಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಚೀಲ ನೆಲಕ್ಕೆ ಬಡಿದಳು.

"ಅಣ್ಣಾರ, ನಾ ಈಗ ಕೋರ್ಟನ್ಯಾಗಿಂದ ಬಂದೇನ್ರಿ! ನಿಮ್ಮ ಹೆಣ್ತಿ ಕಣ್ಣಿಲೆ ನೋಡ್ಯಾಳ, ಕೇಳ್ರಿ. ಅಲ್ಲಿ ಒಬ್ಬನ ಜೇಲಿಗಿ ಹಾಕ್ಯಾರ. ಇಲ್ಲಿ ನೀವ ಇನ್ನೊಬ್ಬನ ತಯಾರ ಮಾಡಾಕತ್ತೀರಿ!"

"ನಿನ್ನ ದುಃಖ ನನಗ ತಿಳಿತೈತಿ ಶೇವಂತಾ. ಆದ್ರ ಎಲ್ಲಾರೂ ಸಂಗ್ರಾಮ ಆಗ್ತಾರೇನ? ನಾ ಹನ್ನೆರಡ ವರ್ಷದಾವ ಇದ್ದಾಗ ಗಾಡಿ ಹೂಡೇನಿ. ನನಗ ಯಾರ ಕಲಿಸಿದ್ರು?"

"ಅದ ಎತ್ತಿನ ಗಾಡಿ ಅಲ್ರಿ? ಮನಷಾ ಅಡ್ಡ ಬಂದ್ರ ಎತ್ತ ತಾನ ನಿಂದರತೈತಿ. ಈ ಡಬ್ಬಿಗಿ ಬುದ್ಧಿ ಐತೇನ್ರಿ?"

"ಅವಂಗ ಲೈಸನ್ಸ್ ಐತಿ!"

"ಸಂಗ್ರಾಮಗೂ ಇತ್ತು!"

ಭೀಮಸಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಸೋಲು ಒಪ್ಪುವ ಗಂಡಸಲ್ಲ. "ನಮ್ಮ ಹುಡುಗ ಹುಷಾರ ಅದಾನ" ಎಂದ.

ಗದ್ದಲ ಕೇಳಿ ಪಕ್ಕದ ಹೊಲದ ಸಿದರಾಯ ಬಂದ. ಮೂವತ್ತೆರಡು ವರ್ಷ ಸರ್ಕಾರಿ ಬಸ್ ನಡೆಸಿ ನಿವೃತ್ತನಾದವನು. ಈಗ ಚಿಕ್ಕೋಡಿಯ ಒಂದು ಡ್ರೈವಿಂಗ್ ಶಾಲೆಯಲ್ಲಿ ಹುಡುಗರಿಗೆ ಕಲಿಸುತ್ತಾನೆ. ಇಬ್ಬರ ಮಾತೂ ಕೇಳಿ ಬಾಳೇಶನ ಕಡೆ ತಿರುಗಿದ.

"ಬಾಳ್ಯಾ, ಈ ಹೊರೆ ಹಾಕ್ಕೊಂಡ ಹೊಂಟಾಗ ಬ್ರೇಕ್ ಒತ್ತಿದ್ರ, ಎಷ್ಟ ಹೆಜ್ಜಿಗಿ ನಿಂದರತೈತಲೇ?"

"ಹತ್ತ ಹೆಜ್ಜಿ, ಕಾಕಾ. ಭಾಳ ಅಂದ್ರ."

"ನೋಡೂಣು ನಡಿ."

ಹೊಲದ ದಾರಿ ಬಾವಿಯ ಕಡೆಗೆ ಸ್ವಲ್ಪ ಇಳಿಜಾರು. ಆ ಕಡೆ ಈ ಕಡೆ ಯಾರೂ ಇಲ್ಲವೆಂದು ಸಿದರಾಯ ಎರಡು ಸಲ ನೋಡಿದ. ದಾರಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದ. "ಗೆರಿ ಮುಟ್ಟಿದ ಕೂಡ್ಲೆ ಬ್ರೇಕ್ ಒತ್ತು. ಸಾವಕಾಶ ಬಾ, ಹಾರಿಸಬ್ಯಾಡ. ನಾ ನಿನ್ನ ಬಾಜೂಕ ಇರ್ತೇನಿ."

ಗೆರೆಯಿಂದ ಹತ್ತು ಹೆಜ್ಜೆ ಅಳೆದರು. ಶೇವಂತಾ ಹನ್ನೊಂದನೆಯ ಹೆಜ್ಜೆ ಇಟ್ಟು ನೆಲ ತೋರಿಸಿದಳು.

"ಅಣ್ಣಾರ, ಮಗನ ಮ್ಯಾಲೆ ಭರೋಸಾ ಐತೆಲ್ಲ? ಬರ್ರಿ, ಇಲ್ಲಿ ನಿಂದರ್ರಿ."

ಭೀಮಸಿ ಅಲುಗಲಿಲ್ಲ.

"ಯಾಕ್ರಿ? ನನ್ನ ನೀಲಮ ನಿಂತಿದ್ದಳಲ್ರಿ! ಅಕಿನ್ನ ಯಾರ ಕೇಳಿದ್ರು? ನಿಮ್ಮ ಮಗಾ ಹುಷಾರ ಅಂದ್ರಿ. ಬಂದ ನಿಂದರ್ರಿ!"

"ಯಾರೂ ನಿಂದರೂದ ಬ್ಯಾಡ" ಎಂದು ಸಿದರಾಯ ಗದರಿದ. "ಮೇವಿನ ಪೆಂಡಿ ಇಡ್ರಿ."

ಶೇವಂತಾ ತಾನೇ ಪೆಂಡಿ ಹೊತ್ತು ತಂದು ನೆಟ್ಟಗೆ ನಿಲ್ಲಿಸಿದಳು. ಭೀಮಸಿಯ ಹೆಗಲ ಮೇಲಿನ ಟವೆಲು ಎಳೆದು ಅದಕ್ಕೆ ಸುತ್ತಿದಳು. "ಇದ ನೀವಂತ ತಿಳೀರಿ."

ಬಾಳೇಶ ಬಂದ. ವೇಗ ಹೆಚ್ಚಿರಲಿಲ್ಲ, ಸೈಕಲ್ ಹೋಗುವಷ್ಟೇ. ಗೆರೆ ಮುಟ್ಟಿದ, ಬ್ರೇಕ್ ಒತ್ತಿದ. ಹಿಂದಿನಿಂದ ದಡಲ್ ಎಂದು ಸದ್ದಾಯಿತು. ಎರಡೂ ಡಬ್ಬಿ ಟ್ರ್ಯಾಕ್ಟರನ್ನು ಮುಂದೆ ದೂಡಿದವು. ದೊಡ್ಡ ಗಾಲಿ ನಿಂತಲ್ಲೇ ಮಣ್ಣು ಕೆರೆಯುತ್ತ ಜಾರಿತು. ಪೆಂಡಿ ಕೆಳಗೆ ಹೋಯಿತು. ಹಿಂದಿನ ಡಬ್ಬಿ ಅಡ್ಡ ವಾಲಿ ಬದುವಿಗೆ ಗುದ್ದಿತು. ಎಲ್ಲವೂ ನಿಂತಾಗ ಭೀಮಸಿ ಗೆರೆಯಿಂದ ಹೆಜ್ಜೆ ಹಾಕಿ ನೋಡಿದ. ಹತ್ತಲ್ಲ, ಇಪ್ಪತ್ತಾರು.

ಮೇವು ನೆಲಕ್ಕೆ ಅಂಟಿ ಹೋಗಿತ್ತು. ಟವೆಲಿನ ಒಂದು ತುದಿ ಗಾಲಿಯ ಕೆಳಗೆ ಕಾಣುತ್ತಿತ್ತು. ಭೀಮಸಿ ಅದನ್ನು ಎಳೆಯಲು ಬಗ್ಗಿದವನು ಹಾಗೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಬಾಳೇಶ ಇಳಿದ. ಗೆರೆಯ ಕಡೆ ತಿರುಗಿ ನೋಡಿದ.

"ಕಾಕಾ, ನಾ ಪೂರಾ ಒತ್ತಿದ್ನಿ. ಖರೇನ ಪೂರಾ ಒತ್ತಿದ್ನಿ."

"ಒತ್ತಿದಿ, ನಾ ನೋಡೇನಿ" ಎಂದ ಸಿದರಾಯ. "ಒತ್ತೂದ ಅಷ್ಟ ಸಾಲೂದುಲ್ಲ. ಇಳಿಜಾರ ಬರೂಕ ಮೊದಲ ಗೇರ್ ಇಳಿಸಬೇಕು, ದೂರದಿಂದ ವೇಗ ಕಡಿಮಿ ಮಾಡಬೇಕು. ಹೊರಿ ಎಷ್ಟ ದೂಡತೈತಿ ಅನ್ನೂದ ಮೈಯಾಗ ಇಳೀಬೇಕು. ಅದ ನೋಡಿದ್ರ ಬರೂದಲ್ಲ. ನನಗ ಬಸ್ ಕೊಡೂಕ ಮೊದಲ ಎಷ್ಟ ದಿನಾ ಹಿರೇ ಡ್ರೈವರ್ ಬಾಜೂಕ ಕುಂಡ್ರಿಸಿ ಬೈಸಿದ್ರು ಗೊತ್ತೇನ? ಲೈಸನ್ಸ್ ಅಂದ್ರ ಶಾಲಿಗಿ ಹೆಸರ ಹಚ್ಚಿದಂಗ. ಓದೂದ ಇನ್ನ ಮುಂದ ಐತಿ."

ದುಂಡವ್ವ ಸೆರಗು ಬಿಗಿದು ಬಂದಳು. ಗಂಡನ ಮುಂದೆ ನಿಂತಳು. "ನಾ ಆ ಹುಡುಗನ್ನ ಪೊಲೀಸರ ಕರಕೊಂಡ ಹೋಗೂದ ನೋಡೇನಿ. ನನ್ನ ಮಗನ್ನ ಹಂಗ ನೋಡಾಂಗಿಲ್ಲ. ಕಬ್ಬ ಒಣಗಲಿ. ಸುಟ್ಟ ಹೋಗಲಿ ಬೇಕಾರ."

ಭೀಮಸಿ ಎದ್ದ. ಬಾಳೇಶನ ಕೈಯಿಂದ ಕೀಲಿ ತೆಗೆದುಕೊಂಡು ಕಿಸೆಗೆ ಹಾಕಿದ. "ಸಿದರಾಯಣ್ಣಾ, ಇವಂಗ ಕಲಿಸ್ತಿ?"

"ಕಲಸ್ತೇನಿ. ಮೊದಲ ಖಾಲಿ ಡಬ್ಬಿ. ಆಮ್ಯಾಲೆ ಒಂದ ಡಬ್ಬಿ ಅರ್ಧ ಹೊರಿ. ಒಂದ ಹಂಗಾಮ ಪೂರಾ ಹಳೇ ಡ್ರೈವರ್ ಬಾಜೂಕ ಇರಬೇಕು. ಮತ್ತ ಆ ಸ್ಪೀಕರ್ ತೆಗಿ ಅನ್ನು. ಹಿಂದ ಬರೂ ಗಾಡಿ ಹಾರ್ನ್ ಕೇಳೂದುಲ್ಲ."

ಭೀಮಸಿ ಶೇವಂತಾಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ. "ತಪ್ಪಾತವಾ ತಂಗಿ."

"ನನಗ ತಪ್ಪಾತು ಅನ್ನಬ್ಯಾಡ್ರಿ" ಎಂದಳು ಶೇವಂತಾ. ಅವಳ ದನಿ ಇನ್ನೂ ಇಳಿದಿರಲಿಲ್ಲ. "ಶಿಕ್ಷಾ ಆತು, ಆಗಬೇಕು, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಅದ ನನ್ನ ಮಗಳ ಸತ್ತ ಮ್ಯಾಲೆ ಬಂತ್ರಿ. ಕಲಿಸೂದ ಸಾಯೂಕ ಮೊದಲ ಬರಬೇಕಾಗಿತ್ತು. ಊರಾಗ ಇನ್ನ ಎಷ್ಟ ಮಂದಿ ಹಿಂಗ ಅದಾರ? ಅವರ ಅಂಗಳಕ್ಕ ನನ್ನ ಜೋಡಿ ನೀವ ಬರ್ರಿ."

ಭೀಮಸಿ ಬಂದ. ಮೂರನೆಯ ದಿನ ಡ್ರೈವರ್ ಬಂದ ಮೇಲೆಯೇ ಕಬ್ಬು ಹೋಯಿತು, ತುಸು ಒಣಗಿತ್ತು, ಅಷ್ಟೇ. ಆ ವಾರ ಶೇವಂತಾ, ದುಂಡವ್ವ, ಭೀಮಸಿ ಮೂವರೂ ಟ್ರ್ಯಾಕ್ಟರಿದ್ದ ಮನೆಗಳ ಬಾಗಿಲು ಬಡಿದರು. ಕೆಲವರು ಬೈದು ಕಳಿಸಿದರು. ನಾಲ್ವರು ಹುಡುಗರು ಬಾಳೇಶನ ಜೊತೆ ಸಿದರಾಯನ ಹತ್ತಿರ ಕಲಿಯಲು ಬಂದಿದ್ದಾರೆ.

ಅಕ್ಕಂದಿರೆ, ಅಣ್ಣಂದಿರೆ, ಕಾನೂನು ಏನು ಹೇಳುತ್ತದೆ ತಿಳಿದಿರಲಿ. ನಿರ್ಲಕ್ಷ್ಯದಿಂದ ಗಾಡಿ ನಡೆಸಿ ಜೀವ ತೆಗೆದರೆ ಐದು ವರ್ಷದವರೆಗೆ ಜೈಲಾಗಬಹುದು. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟು ಅಪಘಾತವಾದರೆ, ಜೈಲಿಗೆ ಹೋಗುವವರು ಕೊಟ್ಟ ತಂದೆತಾಯಿ ಇಲ್ಲವೇ ಗಾಡಿಯ ಮಾಲೀಕರು. ಆದರೆ ಶಿಕ್ಷೆಯ ಹೆದರಿಕೆಯೊಂದೇ ಸಾಲದು. ಲೈಸನ್ಸ್ ಬಂದ ಮಗನಿರಲಿ, ಮಗಳಿರಲಿ, ಬಲ್ಲವರ ಹತ್ತಿರ ಕಳಿಸಿ ಕಲಿಸಿ. ಪಕ್ಕದ ಮನೆಯಲ್ಲಿ ಕಲಿಯದವನು ಹೊರೆ ಹೇರಿಕೊಂಡು ಹೊರಟಿದ್ದರೆ ಹೋಗಿ ತಡೆಯಿರಿ, ಅವರು ಬೈದರೆ ಬೈಸಿಕೊಳ್ಳಿ. ಕಲಿಯದ ಕೈಗೆ ಕೀಲಿ ಕೊಡಬೇಡಿ. ಮಕ್ಕಳು ಮುನಿದರೂ ಕೊಡಬೇಡಿ, ಪಾಳಿ ತಪ್ಪಿದರೂ ಕೊಡಬೇಡಿ.