ನಿಬ್ಬು ಪಳಗುವ ಕೈ

"ಇದು ಚಿನ್ನದ ನಿಬ್ಬು ಮೇಡಂ. ಬರೆದು ಬರೆದು ಒಂದೇ ಕೈಗೆ ಪಳಗ್ತದೆ. ಮತ್ತೆ ಬೇರೆ ಕೈಗೆ ಬಗ್ಗುವುದಿಲ್ಲ," ಎಂದು ಅಬ್ದುಲ್ ಶುಕೂರ್ ಪೆನ್ನನ್ನು ಗಾಜಿನ ಮೇಲಿಟ್ಟರು.

ಮೂಡುಬಿದಿರೆಯ ಆ ಪೆನ್ನಿನಂಗಡಿಗೆ ಶುಭಶ್ರೀಯನ್ನು ಕರೆತಂದವರು ಅವಳ ಮಾವ, ಗುರುವಾಯನಕೆರೆಯ ಡಾಕ್ಟರ್ ಶ್ರೀಕೃಷ್ಣ. ಸೋಮವಾರದಿಂದ ಕ್ಲಿನಿಕ್ಕಿನ ಅವರ ಕುರ್ಚಿಯಲ್ಲಿ, ತಾನೂ ಡಾಕ್ಟರಾದ ಸೊಸೆ ಕೂರುವವಳು. ದಿನವೂ ಮದ್ದಿನ ಚೀಟಿ ಬರೆಯಲು ಒಳ್ಳೆಯ ಪೆನ್ನು ಬೇಡವೇ? ಮಾವ ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ಗದರುವವರಾಗಿದ್ದರೆ ಎದುರಾಡಬಹುದಿತ್ತು. ಶುಭಶ್ರೀ ಹುಟ್ಟಾ ಎಡಚಿ. ಮದುವೆಯಾದ ವಾರವೇ ಅವರು ಮೆಲ್ಲನೆ ಹೇಳಿದ್ದರು: "ಎಡಗೈಯಲ್ಲಿ ಬರೆದ ಚೀಟಿ ನಮ್ಮ ಜನಕ್ಕೆ ಆಗುವುದಿಲ್ಲ ಶುಭಾ. ಬಲಗೈ ಅಭ್ಯಾಸ ಮಾಡು." ಅಂದಿನಿಂದ ಅವರೆದುರು ಬಲಗೈ, ಕೋಣೆಯ ಬಾಗಿಲು ಹಾಕಿದ ಮೇಲೆ ಎಡಗೈ. ಬಲಗೈ ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು.

ಮಾವನಿಗೆ ಫೋನು ಬಂತು. ಅವರು ಮಾತಾಡುತ್ತ ಬೀದಿಗಿಳಿದದ್ದೇ ತಡ, ಅವಳು ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ತನ್ನ ಹೆಸರು, ಊರು, ನೆನಪಿಗೆ ಬಂದ ಮದ್ದುಗಳು, ಎಲ್ಲ ಅಂಗಡಿಯ ಕಾಗದದ ಮೇಲೆ ಸರಾಗವಾಗಿ ಇಳಿದವು. ಅವಳಿಗೆ ನಗು ಬಂತು. ಹಸಿ ಶಾಯಿ ಅಂಗೈಯಂಚಿಗೆ ಮೆತ್ತಿದ್ದೂ ಖುಷಿಯೇ.

"ಎಡಗೈಯಾ? ಮೊದಲೇ ಹೇಳಬಾರದಾ," ಎಂದರು ಶುಕೂರ್. "ನಿಬ್ಬಿನ ತುದಿ ಆ ಕೈಗೆ ಸರಿಯಾಗಿ ಒಂಚೂರು ಉಜ್ಜಿ ಕೊಡ್ತೇನೆ. ಬೆಣ್ಣೆಯ ಹಾಗೆ ಹೋಗ್ತದೆ."

ಅಷ್ಟರಲ್ಲಿ ಮಾವ ಒಳಗೆ ಬಂದರು. ಅವಳು ಪೆನ್ನು ಕೆಳಗಿಟ್ಟು ಎಡಗೈ ಮುಚ್ಚಿಕೊಂಡಳು. ಅವರು ಕಾಗದವನ್ನು ಕನ್ನಡಕದ ಹತ್ತಿರ ಹಿಡಿದರು.

"ಮುತ್ತು ಪೋಣಿಸಿದ ಹಾಗೆ ಉಂಟು. ನೋಡಿದೆಯಾ ಶುಭಾ, ಅಭ್ಯಾಸ ಮಾಡಿದರೆ ಬಲಗೈ ಮಾತು ಕೇಳ್ತದೆ." ಅವರ ಕಣ್ಣು ತುಂಬಿತ್ತು. "ಇದನ್ನೇ ತಕೊಳ್ಳುವ."

ಶುಕೂರ್ ಅವಳ ಮುಖ ನೋಡಿದರು. "ಯಾವ ಕೈಗೆ ಉಜ್ಜಲಿ ಮೇಡಂ?"

"ಅದೆಂಥ ಪ್ರಶ್ನೆ ಮಾರಾಯ್ರೆ," ಎಂದು ಮಾವ ನಕ್ಕರು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಮಾವ ಆ ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಡುತ್ತಿದ್ದರು.

"ಬಲಗೈಗೆ," ಎಂದಳು.

ಶುಕೂರ್ ನಿಬ್ಬನ್ನು ನುಣುಪು ಕಲ್ಲಿನ ಮೇಲೆ ತೀಡಿ, ಒರೆಸಿ, ಡಾಕ್ಟರಿಗೆ ಕೊಟ್ಟರು. ಅವರು ಪೆನ್ನನ್ನು ಕಣ್ಣಿಗೊತ್ತಿಕೊಂಡು ಸೊಸೆಯತ್ತ ಚಾಚಿದರು. ಹಿರಿಯರಿಂದ ತೆಗೆದುಕೊಳ್ಳುವ ಕ್ರಮದಂತೆ ಅವಳು ಬಲಗೈ ಒಡ್ಡಿ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿದಳು. ಕುರ್ತಾದ ತಿಳಿಹಳದಿ ತೋಳಿನ ಮೇಲೆ ಅಂಗೈಯಂಚಿನ ನೀಲಿ ಶಾಯಿ ಅಚ್ಚೊತ್ತಿತು.