ಮೂಟೆ ತಕ್ಕಡಿಯಲ್ಲಿ ಮಗು

ಸಂಜೆಯಾದರೆ ಸಾಕು, ಮುಳ್ಳಪ್ಪನ ಮನೆಯಲ್ಲಿ ಮಗು ಅಳಲು ಶುರುಮಾಡುತ್ತಿತ್ತು. ಹಾಲು ಕುಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಅಳುತ್ತಿತ್ತು. ಹುಟ್ಟಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಮುಳ್ಳಪ್ಪ ಎಂಬುದು ಜನ ಇಟ್ಟ ಹೆಸರು. ಅವನ ಕೆಲಸ ತಕ್ಕಡಿ ರಿಪೇರಿ. ಅಂಗಡಿಗಳ ತಕ್ಕಡಿಯ ಮುಳ್ಳು ಸರಿಮಾಡಿ ಮಾಡಿ, ಕಣ್ಣಿಗೆ ಕಾಣದ ಅಳತೆಯನ್ನು ನಂಬದ ಅಭ್ಯಾಸ ಅವನಿಗೆ ಅಂಟಿಕೊಂಡಿತ್ತು. ಹಾಲಿನವನ ಲೀಟರನ್ನೂ ನಂಬುತ್ತಿರಲಿಲ್ಲ, ಬಟ್ಟೆಯಂಗಡಿಯ ಮೀಟರನ್ನೂ ನಂಬುತ್ತಿರಲಿಲ್ಲ. ಈಗ ಹೆಂಡತಿಯ ಎದೆಹಾಲಿನ ಮೇಲೂ ಅನುಮಾನ ಬಂದಿತ್ತು.

ಆ ಅನುಮಾನಕ್ಕೆ ಗಾಳಿ ಹಾಕಿದವಳು ಅಕ್ಕ. ಮಗು ನೋಡಲು ಬಂದವಳು ಹೊರಡುವಾಗ ಬಾಗಿಲಲ್ಲಿ ತಮ್ಮನ ತೋಳು ಹಿಡಿದಳು.

"ಹಾಲು ಸಾಲ್ತಿಲ್ಲ ಕಣೋ. ಹೊಟ್ಟೆ ತುಂಬಿದ ಮಗು ಹೀಗೆ ಅಳುತ್ತಾ? ಅವಳಂತೂ ಬಾಯಿ ಬಿಡಲ್ಲ."

"ಗೊತ್ತಾಗೋದು ಹೇಗಕ್ಕಾ? ಬಾಟಲಿ ಆಗಿದ್ರೆ ಗೆರೆ ಇರ್ತಿತ್ತು."

"ಅದಕ್ಕೇ ಹೇಳ್ತಿರೋದು, ಡಬ್ಬಿ ಹಾಲು ಶುರುಮಾಡು."

ಮರುದಿನ ಅವನು ಅಂಗಡಿಯಿಂದ ಒಂದು ತಕ್ಕಡಿ ಹೊತ್ತು ತಂದ. ಮಗು ಜಾರಬಾರದೆಂದು ತಟ್ಟೆ ಅಗಲವಿರುವುದನ್ನೇ ಆರಿಸಿದ್ದ. ಹಾಲು ಕುಡಿಯುವ ಮುಂಚೆ ಮಗುವನ್ನು ತೂಗಿದ. ಹೆಂಡತಿ ಕುಡಿಸುವಷ್ಟು ಹೊತ್ತೂ ಗೋಡೆಗೊರಗಿ ನೋಡುತ್ತಾ ನಿಂತ. ಮತ್ತೆ ತೂಗಿದ. ಮುಳ್ಳು ಮೊದಲಿದ್ದ ಜಾಗದಿಂದ ಕದಲಿರಲಿಲ್ಲ. ಬೈದಿದ್ದರೆ ಅವಳೂ ಬೈಯುತ್ತಿದ್ದಳು. ಅವನು ಮುಳ್ಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ, ಅಷ್ಟೆ.

ದಿನಗಳು ಹೀಗೇ ಹೋದವು. ಹಾಲು ಕೊಡುವಾಗ ಅವಳು ಕೋಣೆಯ ಚಿಲಕ ಹಾಕಿಕೊಳ್ಳತೊಡಗಿದಳು. ಅವನು ಹೊರಗೆ ಕಿವಿಗೊಟ್ಟು ನಿಲ್ಲತೊಡಗಿದ. ಮಾತು ನಿಂತುಹೋದ ಮನೆಯಲ್ಲಿ ಮಗುವಿನ ಅಳು ಇನ್ನೂ ಜೋರಾಗಿ ಕೇಳುತ್ತಿತ್ತು.

ಒಂದು ಸಂಜೆ ಸಕ್ಕರೆ ಹುಡುಕುತ್ತಾ ಅವನು ಅಡುಗೆಮನೆಯ ಪಾತ್ರೆಗಳ ಹಿಂದೆ ಕೈಹಾಕಿದ. ಹಾಲಿನ ಪುಡಿಯ ಡಬ್ಬಿ ಸಿಕ್ಕಿತು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಇದೇನಿದು?"

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಕಾಣ್ತಿದೆಯಲ್ಲ."

"ನನಗೆ ಹೇಳದೆ ತಂದಿದ್ದೀಯ. ಅಂದ್ರೆ ಹಾಲಿಲ್ಲ ಅಂತ ನಿನಗೂ ಗೊತ್ತಿತ್ತು."

"ನನಗೇನು ಗೊತ್ತು? ನಿಮ್ಮ ಮುಖ ನೋಡಿ ತಂದೆ. ದಿನಾ ಕಳ್ಳನ್ನ ಹಿಡಿಯೋ ಹಾಗೆ ನಿಂತಿರ್ತೀರಿ. ನೀವು ನಿಂತ್ರೆ ಮೈಯೆಲ್ಲ ಬಿಗಿಯುತ್ತೆ, ಮಗು ಎಷ್ಟು ಚೀಪಿದ್ರೂ ಹಾಲು ಇಳಿಯಲ್ಲ. ನಾಳೆಯಿಂದ ಡಬ್ಬೀನೇ ಕೊಡ್ತೀನಿ, ಗೆರೆ ನೋಡ್ಕೊಂಡು ಸುಖವಾಗಿರಿ."

ಬಾಣಂತಿಯರ ಮನೆಗಳಿಗೆ ಹೋಗಿ ವಿಚಾರಿಸುವ ನರ್ಸ್ ಅಷ್ಟರಲ್ಲಿ ಒಳಗೆ ಬಂದಳು. ಡಬ್ಬಿ ನೋಡಿದಳು, ತಕ್ಕಡಿ ನೋಡಿದಳು.

"ಏನ್ರೀ ಇದು, ಮನೇಲೇ ಅಂಗಡಿ ಇಟ್ಟಿದ್ದೀರಾ?"

"ಕುಡಿದ ಮೇಲೂ ಮುಳ್ಳು ಕದಲಲ್ಲ ಸಿಸ್ಟರ್. ತಕ್ಕಡಿ ಸುಳ್ಳು ಹೇಳುತ್ತಾ?"

ಹೆಂಡತಿಗೆ ನಗು ಬಂತು, ಅದರಲ್ಲಿ ಖುಷಿ ಇರಲಿಲ್ಲ. "ಅದು ಮೂಟೆ ತೂಗೋ ತಕ್ಕಡಿ ಸಿಸ್ಟರ್. ಯಾರಾದ್ರೂ ಅದರಲ್ಲಿ ಉಂಗುರ ತೂಗಿದ್ರೆ ಇವರು ಬೀದಿಗೆಲ್ಲ ಹೇಳ್ಕೊಂಡು ನಗ್ತಾರೆ."

ಮುಳ್ಳಪ್ಪ ತಕ್ಕಡಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಮಗು ಒಂದು ಹೊತ್ತಿಗೆ ಕುಡಿಯುವಷ್ಟು ಹಾಲಿಗೆ ಆ ಮುಳ್ಳು ಏಳುವುದೇ ಇಲ್ಲ. ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಸರಿಯಾದ ತಕ್ಕಡಿ ಇದ್ರೂ ಹೀಗೆ ಹೊತ್ತುಹೊತ್ತಿಗೆ ತೂಗಬೇಕಿಲ್ಲ," ಎಂದಳು ನರ್ಸ್. "ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?"

ಅವನು ಹೆಂಡತಿಯ ಕಡೆ ತಿರುಗಿದ.

"ಅವಳನ್ನ ಯಾಕೆ ನೋಡ್ತೀರಿ? ನೀವೂ ಈ ಮನೇಲೇ ಇದ್ದೀರಲ್ಲ?"

"ಏಳೆಂಟು ಸಲ," ಎಂದಳು ಅವಳು.

"ಆರು ಸಲಕ್ಕೆ ಕಮ್ಮಿ ಇಲ್ಲದೆ ಬಟ್ಟೆ ಒದ್ದೆಯಾದ್ರೆ, ಮಗು ಚುರುಕಾಗಿದ್ರೆ, ತೂಕ ಏರ್ತಾ ಇದ್ರೆ ಹಾಲು ಸಾಲ್ತಿದೆ ಅಂತ ಅರ್ಥ. ಸಂಜೆ ಹೊತ್ತು ಎಳೆಮಕ್ಕಳು ಅಳೋದು, ಮತ್ತೆಮತ್ತೆ ಎದೆ ಹುಡುಕೋದು ಇದ್ದದ್ದೇ. ಮಗು ಕುಡಿದಷ್ಟೂ ಹಾಲು ಬರುತ್ತೆ. ಸುಮ್ಮಸುಮ್ಮನೆ ಡಬ್ಬಿ ಕೊಟ್ರೆ ಮಗು ಎದೆಗೆ ಬರೋದು ಕಮ್ಮಿಯಾಗುತ್ತೆ, ಹಾಲೂ ಕಮ್ಮಿಯಾಗುತ್ತೆ." ಆಮೇಲೆ ಅವಳ ಕಡೆ ತಿರುಗಿದಳು. "ಕುಡಿಸುವಾಗ ನೋವಿದೆಯೇನಮ್ಮಾ?"

"ತೊಟ್ಟು ಒಡೆದಿದೆ ಸಿಸ್ಟರ್."

ಮುಳ್ಳಪ್ಪನಿಗೆ ಇದು ಗೊತ್ತಿರಲಿಲ್ಲ. ಇಷ್ಟು ದಿನ ನಿಂತು ನೋಡಿದ್ದ, ಒಂದು ಸಲವೂ ಕೇಳಿರಲಿಲ್ಲ.

ಮಗು ಬಾಯಿ ಅಗಲವಾಗಿ ತೆರೆದಾಗ, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿದುಕೊಳ್ಳುವುದನ್ನು ನರ್ಸ್ ಅವಳಿಗೆ ತೋರಿಸಿದಳು. ಅವನು ನೆಲ ನೋಡುತ್ತಾ ಕೇಳಿದ, "ನನ್ನಿಂದೇನಾಗುತ್ತೆ ಸಿಸ್ಟರ್? ಹಾಲು ಕೊಡೋಕೆ ನನಗಾಗಲ್ಲ."

"ಅದೊಂದು ಬಿಟ್ಟು ಎಲ್ಲಾ ಆಗುತ್ತೆ. ಕುಡಿಸೋಕೆ ಕೂತಾಗ ಬೆನ್ನಿಗೆ ದಿಂಬು ಕೊಡಿ, ಕೈಗೆ ನೀರು ಕೊಡಿ. ಆಮೇಲೆ ಮಗೂನ ಹೆಗಲಿಗೆ ಹಾಕ್ಕೊಂಡು ತೇಗಿಸಿ, ಬಟ್ಟೆ ಬದಲಾಯಿಸಿ. ಅವಳು ಒಂದಿಷ್ಟು ಮಲಗಲಿ. ಅಡುಗೆ ಪಾತ್ರೆ ನೋಡ್ಕೊಳ್ಳಿ. ಹಾಲು ಸಾಲಲ್ಲ ಅಂತ ಹೇಳೋಕೆ ಬಂದೋರಿಗೆ ಬಾಗಿಲಲ್ಲೇ ಉತ್ತರ ಕೊಡಿ."

ಮುಳ್ಳಪ್ಪ ಆ ಸಂಜೆಯೇ ತಕ್ಕಡಿಯನ್ನು ಅಂಗಡಿಗೆ ವಾಪಸ್ ಹೊತ್ತೊಯ್ದ. ಬಟ್ಟೆ ಬದಲಾಯಿಸಲು ಹೋದ ಮೊದಲ ದಿನ ಮಗು ಅವನ ಅಂಗಿಯ ಮೇಲೆಯೇ ಉಚ್ಚೆ ಹೊಯ್ದಿತು. "ಒಂದು!" ಎಂದು ಅವನು ಕೂಗಿದಾಗ ಒಳಗಿನಿಂದ ಅವಳು ನಕ್ಕದ್ದು ಕೇಳಿಸಿತು. ಕೋಣೆಯ ಚಿಲಕ ಹಾಕುವುದು ಯಾವಾಗ ನಿಂತಿತೋ ಇಬ್ಬರಿಗೂ ನೆನಪಿಲ್ಲ. ಅಕ್ಕ ಮತ್ತೆ ಬಂದಾಗ ಅವನು ಮಗುವಿನ ಬಟ್ಟೆ ಹಿಂಡುತ್ತಿದ್ದ. "ಹಾಲಿನ ಮಾತು ಬೇಡಕ್ಕಾ. ಬಂದಿದ್ದೀಯ, ಈ ಬಟ್ಟೆ ಹರವು," ಎಂದ.

ಲಸಿಕೆಯ ದಿನ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ತೂಗಬೇಕಿತ್ತು. "ಒಂದು ನಿಮಿಷ," ಎಂದ ಮುಳ್ಳಪ್ಪ. ಜೇಬಿನಿಂದ ತನ್ನ ತೂಕದ ಬಟ್ಟುಗಳನ್ನು ತೆಗೆದು ಅಲ್ಲಿನ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟು, ಬಗ್ಗಿ ಮುಳ್ಳು ನೋಡಿದ.

"ನಮ್ಮ ಮೇಲೂ ಅನುಮಾನವಾ?" ಎಂದಳು ನರ್ಸ್.

"ತಕ್ಕಡಿ ಮೇಲೆ ಸಿಸ್ಟರ್. ಅವಳ ಮೇಲಲ್ಲ."

ತಕ್ಕಡಿ ಸರಿಯಿತ್ತು. ಮಗುವಿನ ತೂಕ ಚೆನ್ನಾಗಿ ಏರಿತ್ತು. ಅವನು ಹೆಂಡತಿಯ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡ.

ಇದನ್ನು ಓದುತ್ತಿರುವ ಅಪ್ಪಂದಿರೇ, ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು. ಉಚ್ಚೆ ಕಮ್ಮಿಯಾದರೆ, ಮಗು ಮಂಕಾದರೆ, ತೂಕ ಏರದಿದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇರೆ ಹಾಲು ಬೇಕೆಂದು ಡಾಕ್ಟರ್ ಹೇಳಿದರೆ ಅದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಆದರೆ ಅನುಮಾನವನ್ನು ಮನಸ್ಸಲ್ಲಿಟ್ಟುಕೊಂಡು ಗೋಡೆಗೊರಗಿ ನಿಲ್ಲಬೇಡಿ. ಇವತ್ತು ಮನೆಗೆ ಹೋದ ಕೂಡಲೇ ಒಂದು ಲೋಟ ನೀರು ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತುಕೊಳ್ಳಿ, ನೋವಿದೆಯಾ ಎಂದು ಕೇಳಿ. ಉತ್ತರ ಬರುವವರೆಗೆ ಏಳಬೇಡಿ.